ಅಡ್ಮಿಟ್ ಬಂತಾ? ವಿದೇಶಿ ವಿವಿಯ ಉತ್ತರಕ್ಕೆ ಕಾಯುವ ಮನೆಯವರು ತಿಳಿದಿರಬೇಕಾದ್ದು

ಫೆಬ್ರವರಿ ಮುಗಿಯುತ್ತಿದ್ದಂತೆ ತಿಪಟೂರು, ಕುಣಿಗಲ್, ಶಿರಾ ಕಡೆಯ ಅಂಗಡಿ ಕಟ್ಟೆಗಳಲ್ಲೂ ಈಗ ಒಂದು ಪ್ರಶ್ನೆ ಕೇಳಿಬರುತ್ತೆ: ‘ಏನ್ ಸಾರ್, ಮಗಳಿಗೆ ಅಡ್ಮಿಟ್ ಬಂತಾ?’ ಮುಂಚೆ ಇದು ಬೆಂಗಳೂರಿನ ಜಯನಗರ, ಮಲ್ಲೇಶ್ವರದವರ ಮಾತು. ಈಗ ತಾಲ್ಲೂಕಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಎಂ.ಎಸ್.ಗೆ ಅರ್ಜಿ ಹಾಕಿದ ಹುಡುಗ ಹುಡುಗಿಯರು ನಮ್ಮಲ್ಲೂ ಇದ್ದಾರೆ.

ಲೆಕ್ಕ ನೋಡಿದರೆ ಆಶ್ಚರ್ಯವೇನಿಲ್ಲ. ‘ಓಪನ್ ಡೋರ್ಸ್’ ವರದಿಯ ಪ್ರಕಾರ 2023-24ರಲ್ಲಿ ಅಮೆರಿಕದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಭಾರತ ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. 2024-25ರಲ್ಲಿ ಅಲ್ಲಿದ್ದ ನಮ್ಮವರು 3,63,019. ಓದು ಮುಗಿಸಿ ತರಬೇತಿ ಅವಧಿಯಲ್ಲಿ ಕೆಲಸ ಮಾಡುತ್ತಿರುವವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಕೆನಡಾ, ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ, ಐರ್ಲೆಂಡ್‌ಗೆ ಹೋದವರು ಬೇರೆ.

ಅರ್ಜಿ ಹಾಕೋದು ಹೇಗೆ ಅಂತ ಹೇಳಿಕೊಡೋಕೆ ಕನ್ಸಲ್ಟೆನ್ಸಿಗಳು ಸಾಲುಗಟ್ಟಿ ನಿಂತಿವೆ. ಅರ್ಜಿ ಹಾಕಿದ ಮೇಲೆ ಕಾಯುವ ಆ ಮೂರ್ನಾಲ್ಕು ತಿಂಗಳ ಬಗ್ಗೆ, ಉತ್ತರ ಬಂದ ಮೊದಲ ಒಂದು ವಾರದ ಬಗ್ಗೆ ಹೇಳೋರು ಕಡಿಮೆ. ಮನೆಯ ದುಡ್ಡು ಕೈಬಿಡುವುದು, ಮನೆಯವರು ಮಾತಿಗೆ ಮಾತು ಬೆಳೆಸುವುದು ಆಗಲೇ. ಅದಕ್ಕೇ ಈ ಬರಹ.

ಉತ್ತರ ಯಾವಾಗ ಬರುತ್ತೆ?

ಅಮೆರಿಕದಲ್ಲಿ ಆಗಸ್ಟ್-ಸೆಪ್ಟೆಂಬರ್‌ಗೆ ಶುರುವಾಗುವ ‘ಫಾಲ್’ ಬ್ಯಾಚ್‌ಗೆ ಹಿಂದಿನ ಡಿಸೆಂಬರ್, ಜನವರಿಯಲ್ಲಿ ಅರ್ಜಿ ಮುಗಿಯುತ್ತೆ. ಉತ್ತರ ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಬಂದ ಅರ್ಜಿಯನ್ನು ಬಂದ ಹಾಗೇ ನೋಡಿ ಉತ್ತರ ಕೊಡುವ ವಿವಿಗಳೂ ಇವೆ. ಅಂಥಲ್ಲಿ ಆರು ವಾರದಲ್ಲೇ ಬಂದರೂ ಬಂತು. ಬ್ರಿಟನ್ನಿನ ಸ್ನಾತಕೋತ್ತರ ಕೋರ್ಸುಗಳು ಬಹುಮಟ್ಟಿಗೆ ಈ ಎರಡನೇ ರೀತಿಯವು. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ಗೆ ಶುರು. ಅಲ್ಲಿನ ಕೆಲವು ಉತ್ತರಗಳು ಆಗಸ್ಟ್‌ವರೆಗೂ ಬರದೆ ವೀಸಾಗೆ ಸಮಯವೇ ಉಳಿಯದಂತೆ ಮಾಡೋದುಂಟು.

ಇನ್ನೊಂದು ಸಂಗತಿ, ಗಡಿಯಾರದ್ದು. ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದೆ ತಿರುಗಿಸಿಕೊಂಡ ಮೇಲೆ ಒಂಬತ್ತೂವರೆ ಗಂಟೆ. ಅವರ ಸಂಜೆ ಅಂದ್ರೆ ನಮ್ಮ ನಸುಕು. ಎಂಐಟಿ ತನ್ನ ಪದವಿ ಪ್ರವೇಶದ ಫಲಿತಾಂಶವನ್ನು ಮಾರ್ಚ್ 14ರಂದು, ಗಣಿತದ ‘ಪೈ’ ದಿನದಂದು, ಸಂಜೆ 6 ಗಂಟೆ 28 ನಿಮಿಷಕ್ಕೆ ಪ್ರಕಟಿಸುವ ಸಂಪ್ರದಾಯ ಇಟ್ಟುಕೊಂಡಿದೆ. 3.14ರ ದುಪ್ಪಟ್ಟು 6.28 ಅನ್ನೋ ಲೆಕ್ಕ! ನಮ್ಮಲ್ಲಿ ಆಗ ಬೆಳಗಿನ ಜಾವ 3 ಗಂಟೆ 58 ನಿಮಿಷ. ಮಗ ರಾತ್ರಿಯೆಲ್ಲ ಫೋನ್ ಹಿಡ್ಕೊಂಡು ಕೂತಿದ್ದಾನೆ ಅಂತ ಬೈಯುವ ಮುಂಚೆ ಇದೂ ಗೊತ್ತಿರಲಿ. ಹಾಗಂತ ರಾತ್ರಿಯೆಲ್ಲ ಕೂತರೆ ಉತ್ತರ ಬೇಗ ಬರೋದಿಲ್ಲ. ಬೆಳಗ್ಗೆ ಎದ್ದು ನೋಡಿದರೂ ಅದೇ ಪತ್ರ ಅಲ್ಲೇ ಇರುತ್ತೆ.

ಎಷ್ಟು ದಿನವಾದರೂ ಸುದ್ದಿಯೇ ಇಲ್ಲ ಅಂದರೆ ಮೊದಲು ನೋಡಬೇಕಾದ್ದು ವಿವಿಯ ಪೋರ್ಟಲ್ಲಿನಲ್ಲಿರುವ ದಾಖಲೆಗಳ ಪಟ್ಟಿ. ಅಂಕಪಟ್ಟಿ ತಲುಪಿಲ್ಲ, ಐಇಎಲ್‌ಟಿಎಸ್ ಅಂಕ ತಾಳೆಯಾಗಿಲ್ಲ, ಶಿಫಾರಸು ಪತ್ರ ಕೊಡಬೇಕಾದ ಮೇಷ್ಟ್ರು ಇನ್ನೂ ಲಿಂಕ್ ಒತ್ತಿಲ್ಲ ಇಂಥ ಕಾರಣಕ್ಕೇ ಅರ್ಜಿ ‘ಅಪೂರ್ಣ’ ಅಂತ ಬಿದ್ದಿರುತ್ತೆ. ಅದನ್ನು ಯಾರೂ ಓದಿಯೇ ಇರೋದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ವಿಟಿಯು ಅಂಕಪಟ್ಟಿಯಲ್ಲಿ ಇನಿಷಿಯಲ್ ಜೊತೆ ಇನ್ನೊಂದು ಹೆಸರು ಇರುವುದು ನಮ್ಮ ಕಡೆ ಮಾಮೂಲು. ಅವರಿಗೆ ಅದು ಇಬ್ಬರು ಬೇರೆ ಬೇರೆ ಜನ. ಇ-ಮೇಲ್‌ನ ಸ್ಪ್ಯಾಮ್ ಡಬ್ಬಿಯನ್ನೂ ಒಮ್ಮೆ ನೋಡಿ.

ಪತ್ರದಲ್ಲಿ ಬರೆದಿರೋದು ಏನು?

ಊರಲ್ಲಿ ಎರಡೇ ಪದ ಓಡಾಡುತ್ತೆ: ಸಿಕ್ತು, ಸಿಗ್ಲಿಲ್ಲ. ಪತ್ರದಲ್ಲಿ ಇವೆರಡರ ನಡುವೆ ಬಹಳ ಇದೆ.

ಷರತ್ತಿನ ಪ್ರವೇಶ ಅನ್ನೋದು ಅದರಲ್ಲಿ ಮುಖ್ಯ. ಬ್ರಿಟನ್ನಿನಿಂದ ಬರುವ ‘ಕಂಡೀಷನಲ್ ಆಫರ್’ ಅಂದರೆ ಕೊನೇ ಸೆಮಿಸ್ಟರ್‌ನಲ್ಲಿ ಇಷ್ಟು ಅಂಕ, ಇಂಗ್ಲಿಷ್ ಪರೀಕ್ಷೆಯಲ್ಲಿ ಇಷ್ಟು, ಇಂಥ ತಾರೀಕಿನೊಳಗೆ ಇಷ್ಟು ಡಿಪಾಸಿಟ್ ಕಟ್ಟಿದರೆ ಮಾತ್ರ ಸೀಟು. ಷರತ್ತು ಮುಗಿದು ‘ಅನ್‌ಕಂಡೀಷನಲ್’ ಆದ ಮೇಲೆ, ಡಿಪಾಸಿಟ್ ಕಟ್ಟಿದ ಮೇಲೆ, ವಿವಿ ‘ಕ್ಯಾಸ್’ ಅನ್ನೋ ಒಂದು ಸಂಖ್ಯೆ ಕೊಡುತ್ತೆ. ವೀಸಾ ಅರ್ಜಿಗೆ ಬೇಕಾಗೋದು ಆ ಸಂಖ್ಯೆ. ಆಫರ್ ಲೆಟರ್ ಒಂದನ್ನೇ ಹಿಡಿದು ವೀಸಾ ಕಚೇರಿಗೆ ಹೋದರೆ ಕೆಲಸ ಆಗಲ್ಲ.

ಅಮೆರಿಕದ್ದಾದರೆ ಆ ಜಾಗದಲ್ಲಿ ಐ-20 ಅನ್ನೋ ಫಾರಂ. ಅಡ್ಮಿಟ್ ಬಂದ ಮೇಲೆ ಮೊದಲ ವರ್ಷದ ಫೀಸು, ಊಟ-ವಸತಿ ಖರ್ಚಿಗೆ ಸಾಕಾಗುವಷ್ಟು ಹಣ ಇದೆ ಅಂತ ಬ್ಯಾಂಕ್ ದಾಖಲೆಯನ್ನೋ ಸಾಲ ಮಂಜೂರಾತಿ ಪತ್ರವನ್ನೋ ಕಳಿಸಿದರೆ ವಿವಿ ಅದನ್ನು ಕೊಡುತ್ತೆ. ಆಮೇಲೆ 350 ಡಾಲರ್ ಸೆವಿಸ್ ಶುಲ್ಕ, 185 ಡಾಲರ್ ವೀಸಾ ಅರ್ಜಿ ಶುಲ್ಕ, ಅನಂತರ ಸಂದರ್ಶನ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯ್ತು ನಿಜ, ಆದರೆ ಉದ್ಘಾಟನೆಯ ಜೊತೆಗೇ ವೀಸಾ ಸೇವೆ ಶುರುವಾಗಲಿಲ್ಲ. ನಮ್ಮ ಮಕ್ಕಳು ಸಂದರ್ಶನಕ್ಕೆ ಚೆನ್ನೈ, ಹೈದರಾಬಾದ್ ಬಸ್ಸೇ ಹತ್ತುತ್ತಾ ಬಂದಿದ್ದಾರೆ.

ವೇಟ್‌ಲಿಸ್ಟ್ ಅಂದರೆ ರೈಲಿನ ವೇಟಿಂಗ್ ಲಿಸ್ಟ್ ಥರ ಅಂದ್ಕೊಬೇಡಿ. ರೈಲಿನಲ್ಲಿ 12 ಅಂತ ನಂಬರ್ ಇರುತ್ತೆ, ಇವತ್ತು 7ಕ್ಕೆ ಇಳಿದಿದೆ ಅಂತ ಗೊತ್ತಾಗುತ್ತೆ. ಇಲ್ಲಿ ಸಾಮಾನ್ಯವಾಗಿ ನಂಬರ್ ಹೇಳೋದಿಲ್ಲ, ಪಟ್ಟಿ ಕದಲದೇ ಇರುವ ವರ್ಷಗಳೂ ಇರುತ್ತವೆ. ಪಟ್ಟಿಯಲ್ಲಿ ಉಳೀತೀನಿ ಅಂತ ಒಪ್ಪಿಗೆ ಕೊಡಿ, ಬೇರೆ ಕಡೆ ಸಿಕ್ಕಿದ್ದನ್ನು ಮಾತ್ರ ಇದಕ್ಕಾಗಿ ಬಿಡಬೇಡಿ. ‘ಡೆಫರ್’ ಅಂತ ಬಂದರೆ ಈ ಸುತ್ತಿನ ತೀರ್ಮಾನವನ್ನು ಮುಂದಿನ ಸುತ್ತಿಗೆ ಹಾಕಿದ್ದಾರೆ ಅಂತ ಅರ್ಥ. ಅದೇ ಪದವನ್ನು, ಸಿಕ್ಕ ಸೀಟನ್ನು ವಿದ್ಯಾರ್ಥಿಯೇ ಮುಂದಿನ ವರ್ಷಕ್ಕೆ ಮುಂದೂಡಿಕೊಳ್ಳುವುದಕ್ಕೂ ಬಳಸ್ತಾರೆ. ಗೊಂದಲ ಅಲ್ಲೇ.

ಊರಿನ ಹೆಸರು, ಕ್ಯಾಂಪಸ್ಸಿನ ಹೆಸರನ್ನು ಎರಡು ಸಲ ಓದಿ. ‘ಯೂನಿವರ್ಸಿಟಿ ಆಫ್ ಟೆಕ್ಸಾಸ್’ ಅಂದರೆ ಆಸ್ಟಿನ್ ಒಂದೇ ಅಲ್ಲ. ಡಲ್ಲಾಸ್, ಆರ್ಲಿಂಗ್ಟನ್, ಸ್ಯಾನ್ ಆಂಟೋನಿಯೊ ಕೂಡ ಅದೇ ಹೆಸರಿನಡಿ ಬರುತ್ತವೆ. ಫೀಸು, ಪ್ರವೇಶದ ಕಷ್ಟ ಎಲ್ಲ ಬೇರೆ ಬೇರೆ. ‘ಮಿಯಾಮಿ ಯೂನಿವರ್ಸಿಟಿ’ ಇರೋದು ಫ್ಲೋರಿಡಾದ ಸಮುದ್ರ ತೀರದಲ್ಲಲ್ಲ, ಓಹಾಯೊ ರಾಜ್ಯದಲ್ಲಿ. ಇರುವ ಊರಿನ ಹೆಸರು ಆಕ್ಸ್‌ಫರ್ಡ್! ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಲ್ಲೇ ಆಕ್ಸ್‌ಫರ್ಡ್ ವಿವಿಯೂ ಇದೆ, ಆಕ್ಸ್‌ಫರ್ಡ್ ಬ್ರೂಕ್ಸ್ ಅನ್ನೋ ಬೇರೆಯೇ ವಿವಿಯೂ ಇದೆ. ಎಲ್ಲವೂ ಓದುವ ಜಾಗಗಳೇ, ಯಾವುದನ್ನೂ ಹಗುರ ಮಾಡ್ತಿಲ್ಲ. ಸಾಲ ಮಾಡೋ ಅಪ್ಪನಿಗೆ ಮಗ ಹೋಗ್ತಿರೋದು ಯಾವುದಕ್ಕೆ ಅಂತ ಗೊತ್ತಿರಬೇಕಲ್ವಾ?

ಗುಂಪುಗಳಲ್ಲಿ ಹರಿದಾಡುವ ಫಲಿತಾಂಶ

ಈಗ ಕಾಯುವುದು ಒಬ್ಬೊಬ್ಬರೇ ಮಾಡುವ ಕೆಲಸವಾಗಿ ಉಳಿದಿಲ್ಲ. ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಆಯಾ ವರ್ಷದ, ಆಯಾ ಕೋರ್ಸಿನ, ಕೆಲವೊಮ್ಮೆ ಒಂದೇ ವಿವಿಯ ಹೆಸರಿನ ಗುಂಪುಗಳಿವೆ. ಬರುವ ಸಂದೇಶಕ್ಕೆ ಒಂದು ಅಚ್ಚು ಇದೆ: ಸಿಜಿಪಿಎ ಇಷ್ಟು, ಜಿಆರ್‌ಇ ಇಷ್ಟು, ಐಇಎಲ್‌ಟಿಎಸ್ ಇಷ್ಟು, ಕೆಲಸದ ಅನುಭವ ಇಷ್ಟು, ಅರ್ಜಿ ಹಾಕಿದ ದಿನ, ಉತ್ತರ ಬಂದ ದಿನ, ಅಡ್ಮಿಟ್ ಅಥವಾ ರಿಜೆಕ್ಟ್. ಒಬ್ಬರು ಹಾಕಿದ ತಕ್ಷಣ ನೂರು ಜನ ತಮ್ಮ ತಮ್ಮ ಪೋರ್ಟಲ್ ತೆಗೆದು ನೋಡ್ತಾರೆ.

ಇದರಿಂದ ಉಪಯೋಗ ಇಲ್ಲ ಅನ್ನೋಕಾಗಲ್ಲ. ಮನೆಯಲ್ಲಿ ಕೇಳೋಕೆ ಯಾರೂ ಇಲ್ಲದ, ಮನೆತನದಲ್ಲೇ ಮೊದಲ ಬಾರಿಗೆ ವಿಮಾನ ಹತ್ತಲಿರುವ ಹುಡುಗಿಗೆ ‘ಐ-20ಗೆ ಯಾವ ದಾಖಲೆ ಕಳಿಸಿದ್ರಿ’ ಅಂತ ಕೇಳೋಕೆ ಒಂದು ಜಾಗ ಸಿಗುತ್ತೆ. ಮೊದಲು ಇಂಥ ಮಾಹಿತಿಗೆ ಬೆಂಗಳೂರಿನ ನಂಟರನ್ನೋ ದುಬಾರಿ ಕನ್ಸಲ್ಟೆಂಟನ್ನೋ ಹಿಡಿಯಬೇಕಿತ್ತು. ಯಾವ ವಿವಿ ಉತ್ತರ ಕೊಡೋಕೆ ಶುರು ಮಾಡಿದೆ, ಯಾವುದು ಇನ್ನೂ ಇಲ್ಲ ಅನ್ನೋದೂ ಅಂದಾಜಾಗುತ್ತೆ.

ತೊಂದರೆ ಬರೋದು ಬೇರೆಯವರ ಫಲಿತಾಂಶದಿಂದ ನಮ್ಮದನ್ನು ಲೆಕ್ಕ ಹಾಕಿದಾಗ. ಗುಂಪಿನಲ್ಲಿ ಕಾಣೋದು ಅಂಕಗಳು ಮಾತ್ರ. ಅರ್ಜಿಯಲ್ಲಿ ಬರೆದ ಉದ್ದೇಶ ಪತ್ರ, ಮೇಷ್ಟ್ರು ಕೊಟ್ಟ ಶಿಫಾರಸು, ಮಾಡಿದ ಪ್ರಾಜೆಕ್ಟು, ಆ ವರ್ಷ ಆ ವಿಭಾಗಕ್ಕೆ ಎಂಥವರು ಬೇಕಾಗಿದ್ದರು ಇದ್ಯಾವುದೂ ಕಾಣಲ್ಲ. ಅದಕ್ಕಿಂತ ದೊಡ್ಡದು, ಸಿಕ್ಕಿದವರು ಹಾಕ್ತಾರೆ, ಸಿಗದವರು ಸುಮ್ಮನಾಗ್ತಾರೆ. ಪರೀಕ್ಷೆ ಫಲಿತಾಂಶದ ದಿನ ಸ್ವೀಟ್ ಅಂಗಡಿಯಲ್ಲಿ ನಿಂತು ಊರಿನ ಪಾಸ್ ಪ್ರಮಾಣ ಲೆಕ್ಕ ಹಾಕಿದ ಹಾಗೆ ಇದು. ಅಲ್ಲಿಗೆ ಬರೋರೆಲ್ಲ ಪಾಸಾದವರೇ.

ಇನ್ನೊಂದು ತಪ್ಪು ತಿಳಿವಳಿಕೆ: ‘ಹುಬ್ಬಳ್ಳಿ ಹುಡುಗನಿಗೆ ಮೂರನೇ ತಾರೀಕೇ ಬಂತು, ನಮಗೆ ಬರಲಿಲ್ಲ, ಅಂದ್ರೆ ಮುಗೀತು’ ಅನ್ನೋದು. ದೊಡ್ಡ ವಿಭಾಗಗಳು ಉತ್ತರವನ್ನು ಕಂತುಕಂತಾಗಿ ಬಿಡುತ್ತವೆ. ಸ್ಕಾಲರ್‌ಶಿಪ್ ಕೊಡಬೇಕಾದವರಿಗೆ ಮೊದಲು, ಉಳಿದವರಿಗೆ ಆಮೇಲೆ ಅನ್ನೋ ಕ್ರಮವೂ ಉಂಟು. ಮೊದಲ ಕಂತಿನವರು ಬೇರೆಡೆ ಹೋದಾಗ ಎರಡನೇ ಕಂತು ಏಪ್ರಿಲ್‌ನಲ್ಲಿ ಬರುತ್ತೆ. ತಡವಾದ ಉತ್ತರ ಕೆಟ್ಟ ಉತ್ತರವೇ ಆಗಬೇಕೆಂದಿಲ್ಲ.

ಒಮ್ಮೊಮ್ಮೆ ವಿವಿಗಳೇ ಎಡವುತ್ತವೆ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿವಿ 2015ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದ್ದ ಸುಮಾರು 800 ಜನರಿಗೆ ‘ನಿಮಗೆ ಪ್ರವೇಶ ಸಿಕ್ಕಿದೆ’ ಅಂತ ಇ-ಮೇಲ್ ಕಳಿಸಿ, ಕೆಲವೇ ಗಂಟೆಗಳಲ್ಲಿ ‘ತಪ್ಪಾಯ್ತು, ಸಿಕ್ಕಿಲ್ಲ’ ಅಂತ ಇನ್ನೊಂದು ಕಳಿಸಿತು. ಆ ನಡುವೆ ಎಷ್ಟು ಮನೆಗಳಲ್ಲಿ ಸಿಹಿ ಹಂಚಿದ್ದರೋ! 2009ರಲ್ಲಿ ಕ್ಯಾಲಿಫೋರ್ನಿಯಾ ವಿವಿಯ ಸ್ಯಾನ್ ಡಿಯಾಗೊ ಕ್ಯಾಂಪಸ್ ತಿರಸ್ಕೃತರಾಗಿದ್ದ 28 ಸಾವಿರ ಅರ್ಜಿದಾರರಿಗೂ ಸ್ವಾಗತದ ಇ-ಮೇಲ್ ಕಳಿಸಿ ಕ್ಷಮೆ ಕೇಳಿತ್ತು. ಇ-ಮೇಲ್ ಬಂದರೂ ಪೋರ್ಟಲ್ಲಿನಲ್ಲಿ ಅಧಿಕೃತ ಪತ್ರ ಕಾಣುವವರೆಗೆ ಒಂದು ದಿನ ಬಾಯಿ ಬಿಗಿ ಹಿಡಿಯಿರಿ ಅನ್ನೋದು ಇದಕ್ಕೇ.

ಡಿಪಾಸಿಟ್ ಅವಸರ

‘ಸೀಟು ಹೋಗಿಬಿಡುತ್ತೆ, ಇವತ್ತೇ ಕಟ್ಟಿ.’ ಈ ಮಾತು ಕೇಳಿ ಬಂಗಾರ ಅಡ ಇಟ್ಟವರಿದ್ದಾರೆ. ಕೊನೇ ತಾರೀಕು ಏಜೆಂಟ್ ಹೇಳಿದ್ದೇ ಆಗಿರಬೇಕಿಲ್ಲ. ವಿವಿಯ ಪತ್ರದಲ್ಲಿ ಬರೆದಿರುತ್ತೆ, ಓದಿ. ವಾರವೋ ಎರಡು ವಾರವೋ ಹೆಚ್ಚು ಸಮಯ ಕೊಡಿ ಅಂತ ಪ್ರವೇಶ ಕಚೇರಿಗೆ ಇ-ಮೇಲ್ ಮಾಡಿದರೆ ಒಪ್ಪುವುದೂ ಉಂಟು. ಕೇಳೋಕೆ ಕಾಸು ಕೊಡಬೇಕಿಲ್ಲ.

ಏಪ್ರಿಲ್ 15ರ ಬಗ್ಗೆ ಗುಂಪುಗಳಲ್ಲಿ ಬಹಳ ಚರ್ಚೆ ಇದೆ, ಅರ್ಧ ಸರಿ ಅರ್ಧ ತಪ್ಪು. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅನ್ನೋ ಒಕ್ಕೂಟದ ನಿರ್ಣಯಕ್ಕೆ ಸಹಿ ಹಾಕಿದ ವಿವಿಗಳು, ಆರ್ಥಿಕ ನೆರವಿನ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಲೇಬೇಕು ಅಂತ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಫೆಲೋಶಿಪ್, ಅಸಿಸ್ಟೆಂಟ್‌ಶಿಪ್ ಸಿಕ್ಕವರಿಗೆ ಇದು ರಕ್ಷಣೆ. ಸ್ವಂತ ದುಡ್ಡಿನಲ್ಲಿ ಹೋಗುವ ಎಂ.ಎಸ್. ವಿದ್ಯಾರ್ಥಿಯ ಡಿಪಾಸಿಟ್ ತಾರೀಕಿಗೆ ಇದು ಅನ್ವಯವಾಗಲ್ಲ. ನಮ್ಮ ಕಡೆಯಿಂದ ಹೋಗೋರಲ್ಲಿ ಹೆಚ್ಚಿನವರು ಈ ಎರಡನೇ ಗುಂಪಿನವರೇ.

ಸಾಲದ ವಿಷಯದಲ್ಲಿ ತೋಟ ಇರುವ ಮನೆಯವರು ಒಂದು ಮಾತು ಮೊದಲೇ ತಿಳಿದಿರಬೇಕು. ಎಕರೆಗಟ್ಟಲೆ ತೆಂಗಿನ ತೋಟ ಇದ್ದರೂ ಬಹುತೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪೋದಿಲ್ಲ. ಸಾಲ ತೀರದಿದ್ದರೆ ಆಸ್ತಿ ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯವಾಗದಿರುವುದೇ ಕಾರಣ. ಅವರು ಕೇಳೋದು ಮನೆ, ಸೈಟು, ಮಳಿಗೆ ಅಥವಾ ಠೇವಣಿ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ದಾಖಲೆ ಸರಿ ಇರಬೇಕು. ವಕೀಲರ ಅಭಿಪ್ರಾಯ, ಮೌಲ್ಯಮಾಪನ ಅಂತ ವಾರಗಳು ಹೋಗುತ್ತವೆ. ಅಡ್ಮಿಟ್ ಬಂದ ಮೇಲೆ ಕಾಗದ ಹುಡುಕೋದಕ್ಕಿಂತ, ಸುಮ್ಮನೆ ಕಾಯುವ ಜನವರಿ-ಫೆಬ್ರವರಿಯಲ್ಲೇ ಖಾತೆ, ಋಣಭಾರ ಪತ್ರ ತೆಗೆಸಿಡಿ. ಕಾಯುವ ಕಾಲಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಅಂಗಡಿ ನಡೆಸುವವರಿಗೆ ಇನ್ನೊಂದು: ‘ಮಾಲೇ ಹದಿನೈದು ಲಕ್ಷದ್ದಿದೆ’ ಅಂದರೆ ವೀಸಾ ಲೆಕ್ಕಕ್ಕೆ ಬರಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಗೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ನಡುವೆ ಒಂದು ದಿನ ಹೋಲ್‌ಸೇಲ್ ಪಾರ್ಟಿಗೆ ಕೊಟ್ಟು ಮರುದಿನ ಹಾಕಿದರೂ ಲೆಕ್ಕ ಮತ್ತೆ ಮೊದಲಿಂದ. ಜರ್ಮನಿಗೆ ಒಂದು ವರ್ಷದ ಖರ್ಚಿಗೆಂದು 11,904 ಯೂರೊವನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಡಬೇಕು, ತಿಂಗಳಿಗೆ 992 ಯೂರೊದಂತೆ ವಿದ್ಯಾರ್ಥಿಗೇ ವಾಪಸ್ ಸಿಗುತ್ತೆ. ಅಲ್ಲಿನ ಸರ್ಕಾರಿ ವಿವಿಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಇದೆ. ಭಾರತದವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಕ್ಕೂ ಸಮಯ ಹಿಡಿಯುತ್ತೆ.

ಹಣ ಕಳಿಸುವಾಗ: ಬ್ಯಾಂಕಿನಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಹಿಡೀತಾರೆ, ರಿಟರ್ನ್ ಸಲ್ಲಿಸುವಾಗ ಸರಿಹೊಂದಿಸಿಕೊಳ್ಳಬಹುದು. ನಿಮ್ಮ ಆಡಿಟರ್‌ಗೆ ಮೊದಲೇ ಹೇಳಿಡಿ.

ಪತ್ರವೇ ಸುಳ್ಳಾದರೆ

2023ರಲ್ಲಿ ಕೆನಡಾದಲ್ಲಿ ಏನಾಯ್ತು ಅಂತ ನೆನಪಿರಬಹುದು. ಮುಖ್ಯವಾಗಿ ಪಂಜಾಬಿನಿಂದ ಹೋಗಿದ್ದ ನೂರಾರು ವಿದ್ಯಾರ್ಥಿಗಳಿಗೆ ಗಡೀಪಾರಿನ ಭೀತಿ ಎದುರಾಯ್ತು. ವರ್ಷಗಳ ಹಿಂದೆ ಏಜೆಂಟ್ ಕೊಟ್ಟಿದ್ದ ಕಾಲೇಜಿನ ಪ್ರವೇಶ ಪತ್ರ ನಕಲಿ ಅಂತ, ಅವರು ಓದು ಮುಗಿಸಿ, ಕೆಲಸಕ್ಕೆ ಸೇರಿ, ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ ಗೊತ್ತಾಗಿದ್ದು! ವಿಮಾನ ಇಳಿದ ಮೇಲೆ ‘ಆ ಕಾಲೇಜಿನಲ್ಲಿ ಸೀಟು ತುಂಬಿದೆ, ಬೇರೆ ಕಡೆ ಸೇರಿ’ ಅಂತ ಏಜೆಂಟ್ ಹೇಳಿದ್ದನ್ನು ಹಲವರು ನಂಬಿದ್ದರು. ಪ್ರತಿಭಟನೆ ನಡೆದು, ಜೂನ್‌ನಲ್ಲಿ ಅಲ್ಲಿನ ಸರ್ಕಾರ ಗಡೀಪಾರು ತಡೆದು, ಒಬ್ಬೊಬ್ಬರ ಪ್ರಕರಣವನ್ನೂ ಪರಿಶೀಲಿಸಲು ಕಾರ್ಯಪಡೆ ಮಾಡಿತು. ಜಲಂಧರ್‌ನ ಆ ಏಜೆಂಟ್‌ಗೆ 2024ರಲ್ಲಿ ಕೆನಡಾದ ಕೋರ್ಟು ಮೂರು ವರ್ಷ ಜೈಲು ವಿಧಿಸಿತು. 2023ರ ಡಿಸೆಂಬರ್ 1ರಿಂದ ಅಲ್ಲಿನ ವಲಸೆ ಇಲಾಖೆ ಪ್ರತಿ ಪ್ರವೇಶ ಪತ್ರವನ್ನೂ ನೇರವಾಗಿ ಕಾಲೇಜಿನಿಂದಲೇ ಖಾತ್ರಿ ಮಾಡಿಕೊಳ್ಳುತ್ತಿದೆ.

ಅಮೆರಿಕದ ಕಥೆ ಇನ್ನೂ ವಿಚಿತ್ರ. ಮಿಷಿಗನ್‌ನಲ್ಲಿ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಅಂತ ಒಂದಿತ್ತು. ವೆಬ್‌ಸೈಟ್ ಇತ್ತು, ಲಾಂಛನ ಇತ್ತು, ಪಾಠ ಮಾತ್ರ ಇರಲಿಲ್ಲ. ಓದದೆ ವೀಸಾ ಉಳಿಸಿಕೊಳ್ಳುವವರನ್ನು ಹಿಡಿಯಲು ಸರ್ಕಾರದ ಅಧಿಕಾರಿಗಳೇ ತೆರೆದಿದ್ದ ಬಲೆ ಅದು. 2019ರ ಜನವರಿ ಕೊನೆಯಲ್ಲಿ 130 ವಿದ್ಯಾರ್ಥಿಗಳನ್ನು ಬಂಧಿಸಿದರು. 129 ಜನ ಭಾರತೀಯರು. ಅದಕ್ಕೂ ಮುಂಚೆ 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಅನ್ನೋ ಸಂಸ್ಥೆ ಮೇಲೆ ದಾಳಿಯಾದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಆಂಧ್ರದ ಕಡೆಯವರು. ಕೆಲವರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿದ್ದು ಆಗ ದೊಡ್ಡ ಸುದ್ದಿಯಾಗಿತ್ತು.

ಖಾತ್ರಿ ಮಾಡಿಕೊಳ್ಳೋದು ಕಷ್ಟವಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಇರುವ ಸಂಸ್ಥೆಗಳ ಪಟ್ಟಿಯನ್ನು ಸರ್ಕಾರಗಳೇ ಜಾಲತಾಣದಲ್ಲಿ ಹಾಕಿವೆ. ಅಮೆರಿಕದಲ್ಲಿ ಎಸ್‌ಇವಿಪಿ ಪಟ್ಟಿ, ಕೆನಡಾದಲ್ಲಿ ಡಿಎಲ್‌ಐ ಪಟ್ಟಿ, ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಲದು, ಫಾರ್ಮಿಂಗ್ಟನ್ ಹೆಸರೂ ಅಮೆರಿಕದ ಪಟ್ಟಿಯಲ್ಲಿತ್ತು. ಹೋದ ಮೊದಲ ದಿನದಿಂದಲೇ ಕೆಲಸ, ತರಗತಿಗೆ ಬರಬೇಕಿಲ್ಲ ಅಂತ ಹೇಳುವ ಸಂಸ್ಥೆ ಕಂಡರೆ ಅಲ್ಲಿಂದ ಎದ್ದು ಬನ್ನಿ. ಪತ್ರ ನಿಜವೋ ಅಂತ ನೋಡಲು ವಿವಿಯ ಪೋರ್ಟಲ್‌ಗೆ ವಿದ್ಯಾರ್ಥಿಯೇ ತನ್ನ ಪಾಸ್‌ವರ್ಡ್‌ನಲ್ಲಿ ಒಳಹೋಗಿ ನೋಡಬೇಕು. ಅರ್ಜಿಯಲ್ಲಿ ವಿದ್ಯಾರ್ಥಿಯ ಇ-ಮೇಲ್ ಹಾಕದೆ ತಮ್ಮದೇ ಇ-ಮೇಲ್ ಹಾಕುವ, ಪಾಸ್‌ವರ್ಡ್ ಕೊಡದ ಕನ್ಸಲ್ಟೆನ್ಸಿ ಇದ್ದರೆ ಅದೇ ದಿನ ಕೇಳಿ ಪಡೆಯಿರಿ. ಫೀಸನ್ನು ವಿವಿಯ ಖಾತೆಗೆ ನೇರ ಕಟ್ಟಿ, ಏಜೆಂಟ್ ಖಾತೆಗಲ್ಲ.

‘ನಮ್ಮದು ಫ್ರೀ ಸರ್ವಿಸ್’ ಅನ್ನೋ ಕನ್ಸಲ್ಟೆನ್ಸಿಗಳು ಸುಳ್ಳು ಹೇಳ್ತಿಲ್ಲ, ಪೂರ್ತಿಯೂ ಹೇಳ್ತಿಲ್ಲ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಹಲವು ವಿವಿಗಳು ಅವರಿಗೆ ಕಮಿಷನ್ ಕೊಡುತ್ತವೆ. ವ್ಯಾಪಾರ ಮಾಡೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ಯಾವ ಕಂಪನಿಯ ಮಾಲಿಗೆ ಮಾರ್ಜಿನ್ ಜಾಸ್ತಿಯೋ ಅದು ಕೌಂಟರ್ ಮೇಲೆ ಮುಂದೆ ಬರುತ್ತೆ.

ಸ್ಟೇಟಸ್ ಹಾಕುವ ಮುನ್ನ

ಸಂತೋಷ ಹಂಚಿಕೊಳ್ಳಿ, ಬೇಡ ಅನ್ನೋರು ಯಾರೂ ಇಲ್ಲ. ಪತ್ರದ ಫೋಟೊವನ್ನು ಹಾಗೇ ಹಾಕಬೇಡಿ. ಅರ್ಜಿ ಸಂಖ್ಯೆ, ಹುಟ್ಟಿದ ದಿನ, ವಿಳಾಸ, ಐ-20 ಮೇಲಿನ ಸೆವಿಸ್ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲ ಅದರಲ್ಲಿರುತ್ತೆ. ‘ನಿಮ್ಮ ಸೆವಿಸ್ ಫೀಸು ಬಾಕಿ ಇದೆ’ ಅಂತ ಅದೇ ನಂಬರ್ ಹೇಳಿ ಫೋನ್ ಮಾಡಿದರೆ ಯಾರು ನಂಬಲ್ಲ? ವಿವಿಯ ಹೆಸರು, ಕೋರ್ಸಿನ ಹೆಸರು ಟೈಪ್ ಮಾಡಿ ಹಾಕಿದರೆ ಸಾಕು.

ಅಮೆರಿಕಕ್ಕೆ ಹೋಗುವವರಿಗೆ ಇದು ಇನ್ನೂ ಗಂಭೀರ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾಗೆ ಹೊಸ ಸಂದರ್ಶನದ ದಿನ ಕೊಡುವುದನ್ನೇ ನಿಲ್ಲಿಸಿ, ಜೂನ್‌ನಲ್ಲಿ ಮತ್ತೆ ಶುರು ಮಾಡಿದಾಗ ಹೊಸ ನಿಯಮ ಬಂತು: ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಕಳೆದ ಐದು ವರ್ಷ ಬಳಸಿದ ಖಾತೆಗಳ ಹೆಸರನ್ನು ಅರ್ಜಿಯಲ್ಲೇ ಬರೆಯಬೇಕು. ‘ಇನ್ನು ಅಲ್ಲೇ ಸೆಟ್ಲು, ವಾಪಸ್ ಬರಲ್ಲ’ ಅಂತ ಗೆಳೆಯರು ತಮಾಷೆಗೆ ಹಾಕುವ ಕಾಮೆಂಟನ್ನು ಅಧಿಕಾರಿ ತಮಾಷೆಯಾಗಿ ಓದಬೇಕೆಂದಿಲ್ಲ. ಓದು ಮುಗಿಸಿ ವಾಪಸ್ ಬರ್ತೀನಿ ಅಂತ ತೃಪ್ತಿಪಡಿಸಬೇಕಾದ್ದು ಅರ್ಜಿದಾರರ ಹೊಣೆ. 214(ಬಿ) ಅನ್ನೋ ನಿಯಮದಡಿ ವೀಸಾ ತಿರಸ್ಕಾರವಾಗೋದು ಇದಕ್ಕೇ. ವೀಸಾ ಸ್ಟಾಂಪ್ ಬೀಳುವ ಮೊದಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಊರಿಗೆಲ್ಲ ಬೀಳ್ಕೊಡುಗೆ ಊಟ ಹಾಕಿಸಬೇಡಿ.

ಬಡ ಕುಟುಂಬದವರಿಗೆ ಸರ್ಕಾರದ ದಾರಿಗಳೂ ಇವೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ವರ್ಷಕ್ಕೆ 125 ಸ್ಥಾನ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ನಿಗಮಗಳ ವಿದೇಶ ವ್ಯಾಸಂಗದ ಸಾಲಗಳ ಬಗ್ಗೆ ಆಯಾ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯ ಅವಧಿ ಅಡ್ಮಿಟ್ ಬರುವ ಕಾಲಕ್ಕೆ ಸರಿಯಾಗಿ ತೆರೆದಿರುತ್ತೆ ಅಂತ ನೆಚ್ಚಿಕೊಳ್ಳಬೇಡಿ.

ಎಲ್ಲ ಕಡೆಯಿಂದ ‘ಇಲ್ಲ’ ಬಂದರೆ

ಬರುತ್ತೆ, ಒಳ್ಳೆ ಅಂಕದವರಿಗೂ ಬರುತ್ತೆ. ಎಂಟು ಕಡೆ ಅರ್ಜಿ ಹಾಕಿ, ಒಂದೊಂದಕ್ಕೆ 75ರಿಂದ 125 ಡಾಲರ್ ಕಟ್ಟಿ, ಎಂಟೂ ‘ವಿಷಾದಿಸುತ್ತೇವೆ’ ಅಂತ ಬಂದಾಗ ಹುಡುಗನಿಗೆ ದುಡ್ಡಿನದ್ದೇ ಸಂಕಟ, ಜೊತೆಗೆ ಗುಂಪಿನಲ್ಲಿ ದಿನಕ್ಕೆ ಹತ್ತು ಜನರ ಅಡ್ಮಿಟ್. ಆ ವಾರ ಮನೆಯವರು ‘ಪಕ್ಕದ ಬೀದಿಯವನಿಗೆ ಸಿಕ್ತಲ್ಲ’ ಅನ್ನದೇ ಇದ್ದರೆ ಅರ್ಧ ಭಾರ ಇಳಿಯುತ್ತೆ. ಗುಂಪುಗಳನ್ನು ಮ್ಯೂಟ್ ಮಾಡಿಸಿ. ಮಾತೇ ಆಡದೆ ಕೂತರೆ, ಊಟ ನಿದ್ದೆ ಬಿಟ್ಟರೆ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ದಾರಿ ಪತ್ರದಲ್ಲೇ ಇರಬಹುದು. ಜನವರಿಗೆ ಶುರುವಾಗುವ ‘ಸ್ಪ್ರಿಂಗ್’ ಬ್ಯಾಚ್ ಕೆಲವು ವಿವಿಗಳಲ್ಲಿದೆ, ಬ್ರಿಟನ್ನಿನಲ್ಲೂ ಕೆಲವು ಕೋರ್ಸುಗಳು ಜನವರಿಗೆ ಶುರುವಾಗುತ್ತವೆ. ಮರುವರ್ಷ ಅರ್ಜಿ ಹಾಕಿದರೆ ಹಿಂದಿನ ತಿರಸ್ಕಾರವನ್ನೇ ಹಿಡಿದು ಮತ್ತೆ ತಿರಸ್ಕರಿಸೋದಿಲ್ಲ. ಅದೇ ಉದ್ದೇಶ ಪತ್ರ, ಅದೇ ಎಂಟು ವಿವಿ ಆಗಬಾರದು ಅಷ್ಟೇ.

ಎರಡು ಮೂರು ಕಡೆ ಸಿಕ್ಕವರು, ಹೋಗದ ಕಡೆಗೆ ಪೋರ್ಟಲ್ಲಿನಲ್ಲಿ ‘ಡಿಕ್ಲೈನ್’ ಒತ್ತಿಬಿಡಿ. ಆ ಜಾಗಕ್ಕೆ ವೇಟ್‌ಲಿಸ್ಟ್‌ನಲ್ಲಿ ಇನ್ಯಾರೋ ಕಾಯ್ತಿರ್ತಾರೆ. ಡಿಪಾಸಿಟ್ ಕಟ್ಟಿದ ಮೇಲೆ ಮನಸ್ಸು ಬದಲಾದರೆ ಹಣ ವಾಪಸ್ ಬರೋದು ಅಪರೂಪ. ವೀಸಾ ತಿರಸ್ಕಾರವಾದ ಕಾರಣಕ್ಕಾದರೆ ಬ್ರಿಟನ್, ಕೆನಡಾದ ಬಹಳಷ್ಟು ಸಂಸ್ಥೆಗಳು ಸ್ವಲ್ಪ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತವೆ. ಅದಕ್ಕೆ ತಿರಸ್ಕಾರದ ಪತ್ರ, ಹಣ ಕಟ್ಟಿದ ರಸೀದಿ ಎರಡೂ ಬೇಕು. ಬೇಜಾರಿನಲ್ಲಿ ಹರಿದು ಎಸೆಯಬೇಡಿ.